ಹೋಟೆಲ್ ಕಟ್ಟಡದ ಪ್ಲಂಬಿಂಗ್: ನೆಲ ಮುಚ್ಚುವುದಕ್ಕೆ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಹೊಸ ಹೋಟೆಲಿನವರು, ಮೈಸೂರು

ಎಲ್ಲರಿಗೂ ನಮಸ್ಕಾರ. ಬೋಗಾದಿ ರಸ್ತೆಗೆ ಸೇರುವ ಒಂದು ಒಳರಸ್ತೆಯಲ್ಲಿ 40×80 ಅಡಿಯ ನಿವೇಶನದಲ್ಲಿ ನಾವು ಅಣ್ಣತಮ್ಮಂದಿರು ಸೇರಿ ಕಟ್ಟಡವೊಂದನ್ನು ಕಟ್ಟಿಸುತ್ತಿದ್ದೇವೆ. ನೆಲಮಹಡಿಯಲ್ಲಿ 80 ಆಸನಗಳ ಸಸ್ಯಾಹಾರಿ ಹೋಟೆಲು, ಮೇಲಿನ 3 ಮಹಡಿಗಳಲ್ಲಿ ಒಟ್ಟು 18 ಕೊಠಡಿಗಳ ವಸತಿಗೃಹ. ಅಡುಗೆಮನೆ ನಿವೇಶನದ ಹಿಂಭಾಗದಲ್ಲಿದೆ, ಪಾಲಿಕೆಯ ಒಳಚರಂಡಿ ಮುಂದಿನ ರಸ್ತೆಯಲ್ಲಿದೆ. ಗೋಡೆಗಳು ಎದ್ದಿವೆ, ಪೈಪಿನ ಕೆಲಸ ಈ ವಾರ ಶುರುವಾಗಿದೆ.

ಪ್ಲಂಬಿಂಗ್ ಗುತ್ತಿಗೆದಾರರು ಕೊಟ್ಟಿರುವ ದರಪಟ್ಟಿಯಲ್ಲಿ ಇಡೀ ಕೆಲಸಕ್ಕೆ ಒಂದೇ ಮೊತ್ತವಿದ್ದು, ಅದರ ಕೆಳಗೆ ‘ಎಲ್ಲ ಕೆಲಸವನ್ನೂ ಕೋಡ್ ಪ್ರಕಾರ ಮಾಡಿಕೊಡಲಾಗುವುದು’ ಎಂಬ ಒಂದು ಸಾಲಿದೆ. ಯಾವ ಕೋಡ್ ಎಂದು ಕೇಳಿದರೆ ‘ಬಿಲ್ಡಿಂಗ್ ಕೋಡೇ ಸಾರ್’ ಎನ್ನುತ್ತಾರೆ. ಅವರು ಹೇಳಿರುವ ಮೂರು ಮಾತುಗಳ ಬಗ್ಗೆ ನನಗೆ ಅನುಮಾನವಿದೆ. ಶೌಚಾಲಯ, ಸ್ನಾನದ ಮನೆ, ಅಡುಗೆಮನೆ ಎಲ್ಲದರ ನೀರನ್ನೂ ಒಂದೇ 4 ಇಂಚಿನ ಪೈಪಿಗೆ ಇಳಿಸಿದರೆ ಸಾಕು ಎಂಬುದು ಮೊದಲನೆಯದು. ನೆಲದೊಳಗಿನ ಪೈಪಿಗೆ 10 ಅಡಿಗೆ ಒಂದು ಇಂಚು ವಾಟ (ಇಳಿಜಾರು) ಕೊಟ್ಟರೆ ನೀರು ತಾನಾಗಿಯೇ ಓಡುತ್ತದೆ ಎಂಬುದು ಎರಡನೆಯದು. ಜಿಡ್ಡು ತಡೆಯುವುದಕ್ಕೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಒಂದು ಗುಂಡಿ ಸಾಕು ಎಂಬುದು ಮೂರನೆಯದು. ಈ ಲೆಕ್ಕಗಳು ಸರಿಯೇ? ಕಾಂಕ್ರೀಟು, ಟೈಲ್ಸು ಬಂದು ಎಲ್ಲವೂ ಕಣ್ಣಿಗೆ ಮರೆಯಾಗುವುದಕ್ಕೆ ಮೊದಲು ಮಾಲೀಕನಾದವನು ಸ್ವತಃ ನಿಂತು ನೋಡಬಹುದಾದದ್ದು ಏನು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ನಾನು ಎಂಜಿನಿಯರ್ ಅಲ್ಲ, ಇದುವರೆಗೆ ಕಿರಾಣಿ ಅಂಗಡಿ ನಡೆಸಿದವನು.

ಉತ್ತರ 1: ಪ್ಲಂಬಿಂಗ್ ಗುತ್ತಿಗೆದಾರರು, ಮಂಡ್ಯ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರು ಈ ಸಾಲಿನಲ್ಲಿ 26 ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಸಹವೃತ್ತಿಯವರ ಬಗ್ಗೆ ಹಗುರವಾಗಿ ಮಾತನಾಡುವುದು ನನಗೆ ಇಷ್ಟವಿಲ್ಲ, ಆದರೆ ನೀವು ಬರೆದಿರುವ ಮೂರು ಮಾತುಗಳಲ್ಲಿ ಮೂರೂ ತಪ್ಪು.

ದರಪಟ್ಟಿಯಲ್ಲಿ ‘ಕೋಡ್ ಪ್ರಕಾರ’ ಎಂದು ಬರೆಯುವುದು ಲಗ್ನಪತ್ರಿಕೆಯಲ್ಲಿ ‘ನಿಮ್ಮ ಆಗಮನವನ್ನು ಬಯಸುವವರು’ ಎಂದು ಅಚ್ಚು ಹಾಕಿಸಿದ ಹಾಗೆ. ಎಲ್ಲರೂ ಬರೆಯುತ್ತಾರೆ, ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಭಾರತೀಯ ಮಾನಕ ಸಂಸ್ಥೆ ಪ್ರಕಟಿಸಿರುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ (ನ್ಯಾಷನಲ್ ಬಿಲ್ಡಿಂಗ್ ಕೋಡ್) 9ನೆಯ ಭಾಗ ಪ್ಲಂಬಿಂಗಿನದು. ದರಪಟ್ಟಿಯಲ್ಲಿ ಆ ಭಾಗದ ಹೆಸರನ್ನೂ, ಪ್ರತಿಯೊಂದು ಪೈಪಿನ ಐಎಸ್ ಸಂಖ್ಯೆಯನ್ನೂ (ಅದೇ ಸಂಸ್ಥೆಯ ಮಾನಕದ ಸಂಖ್ಯೆ) ಬರೆಸಿಕೊಳ್ಳಿ. ತಣ್ಣೀರಿನ ಯುಪಿವಿಸಿ ಪೈಪಿಗೆ ಐಎಸ್ 4985, ಬಿಸಿನೀರಿನ ಸಿಪಿವಿಸಿ ಪೈಪಿಗೆ ಐಎಸ್ 15778, ಸತು ಲೇಪಿಸಿದ ಉಕ್ಕಿನ ಜಿಐ ಪೈಪಾದರೆ ಐಎಸ್ 1239, ಮಲಿನ ನೀರಿನ ಪಿವಿಸಿ ಪೈಪಿಗೆ ಐಎಸ್ 13592. ಈ ಕೊನೆಯದರಲ್ಲಿ ಒಂದು ಸೂಕ್ಷ್ಮವಿದೆ. ಅದರಲ್ಲಿ ‘ಟೈಪ್ ಎ’ ಎಂಬುದು ಮಳೆನೀರಿಗೂ ಗಾಳಿಕೊಳವೆಗೂ ಮಾಡಿದ ತೆಳುವಾದ ಪೈಪು, ‘ಟೈಪ್ ಬಿ’ ಎಂಬುದು ಶೌಚ ಮತ್ತು ಬಚ್ಚಲ ನೀರಿಗೆ ಮಾಡಿದ ದಪ್ಪ ಪೈಪು. ದೂರದಿಂದ ಎರಡೂ ಒಂದೇ ಬೂದು ಬಣ್ಣ. ಪೈಪನ್ನು ಬೆಳಕಿಗೆ ಹೊರಳಿಸಿ ನೋಡಿದರೆ ಮೈಮೇಲೆ ಉದ್ದಕ್ಕೆ ಅಚ್ಚಾದ ಸಾಲಿನಲ್ಲಿ ಐಎಸ್ ಸಂಖ್ಯೆ, ಅಳತೆ, ಟೈಪ್ ಎಲ್ಲವೂ ಇರುತ್ತವೆ. ಲಾರಿಯಿಂದ ಪೈಪು ಇಳಿಯುವಾಗಲೇ ಅದನ್ನು ಓದಿಕೊಳ್ಳಿ, ಫೋಟೋ ತೆಗೆದಿಟ್ಟುಕೊಳ್ಳಿ. ನಲ್ಲಿ, ಷವರು ಯಾವ ಕಂಪನಿಯದು ಎಂದು ಮಾಲೀಕರು ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಅವನ್ನು ನಾಳೆ ಬೇಕಾದರೂ ಬಿಚ್ಚಿ ಬದಲಾಯಿಸಬಹುದು, ಗೋಡೆಯೊಳಗಿನ ಪೈಪನ್ನು ಹಾಗೆ ಬದಲಾಯಿಸಲಾಗದು.

ಇನ್ನು ವಾಟದ ಮಾತು. 10 ಅಡಿಗೆ ಒಂದು ಇಂಚು ಎಂದರೆ 120ಕ್ಕೆ 1 ಆಯಿತು. 4 ಇಂಚಿನ, ಅಂದರೆ 100 ಮಿ.ಮೀ. ಪೈಪಿಗೆ ಸಂಹಿತೆ ಹೇಳುವ ಇಳಿಜಾರು 57ಕ್ಕೆ 1, 150 ಮಿ.ಮೀ. ಪೈಪಿಗೆ 100ಕ್ಕೆ 1. ಕೊಳಚೆ ನೀರು ಸೆಕೆಂಡಿಗೆ ಸುಮಾರು 0.75 ಮೀಟರ್ ವೇಗದಲ್ಲಿ ಹರಿದರೆ ತನ್ನೊಳಗಿನ ಗಟ್ಟಿ ವಸ್ತುವನ್ನು ತಾನೇ ತಳ್ಳಿಕೊಂಡು ಹೋಗುತ್ತದೆ ಎಂಬ ಲೆಕ್ಕದ ಮೇಲೆ ಈ ಅಂಕಿಗಳು ನಿಂತಿವೆ. ಅದಕ್ಕಿಂತ ನಿಧಾನವಾದರೆ ನೀರು ಮುಂದೆ ಹೋಗಿ ಮಡ್ಡಿ ಹಿಂದೆ ಉಳಿಯುತ್ತದೆ. ನಿಮ್ಮ ಅಡುಗೆಮನೆಯಿಂದ ರಸ್ತೆಗೆ 24 ಮೀಟರ್ ಇದೆಯೆಂದು ಇಟ್ಟುಕೊಂಡರೆ 100 ಮಿ.ಮೀ. ಪೈಪು ಒಟ್ಟು 42 ಸೆಂ.ಮೀ. ಇಳಿಯಬೇಕು, ನಿಮ್ಮವರ ಲೆಕ್ಕದಲ್ಲಿ ಅದು 20 ಸೆಂ.ಮೀ. ಮಾತ್ರ ಇಳಿಯುತ್ತದೆ. ಮೊದಲು ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿಸಿ ಈ ಎರಡು ತುದಿಗಳ ಮಟ್ಟವನ್ನು ಅಳೆದು ಇಲ್ಲಿ ಬರೆಯಿರಿ, ಆಮೇಲೆ ಮಿಕ್ಕ ಮಾತು.

ಎಲ್ಲವನ್ನೂ ಒಂದೇ ಪೈಪಿಗೆ ಇಳಿಸುವ ವಿಚಾರಕ್ಕೆ ಬರೋಣ. ಶೌಚದ ನೀರು ಮತ್ತು ಸ್ನಾನದ ನೀರು ಒಂದೇ ನಿಲುವು ಪೈಪಿನಲ್ಲಿ ಇಳಿಯಬಹುದು, ಅದಕ್ಕೆ ಸಂಹಿತೆಯಲ್ಲೇ ಪದ್ಧತಿಗಳಿವೆ. ಆದರೆ ಗಾಳಿಗೆ ದಾರಿ ಇರಲೇಬೇಕು. ಮೂರನೆಯ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಪೈಪಿನೊಳಗೆ ನೀರು ಪಿಸ್ಟನಿನಂತೆ ಕೆಳಗಿಳಿಯುತ್ತದೆ, ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಎರಡನೆಯ ಮಹಡಿಯ ಬಚ್ಚಲಿನ ನಹನಿ ಟ್ರ್ಯಾಪಿನಲ್ಲಿ (ನೆಲದ ನೀರು ಹೋಗುವ ಬಾಯಿಯ ಕೆಳಗಿನ ಬಾಗಿದ ಭಾಗ) ನಿಂತಿರುವ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರಿನ ಆಳ ಇರುವುದೇ 50 ಮಿ.ಮೀ. ಕೊಠಡಿಗೂ ಒಳಚರಂಡಿಯ ವಾಸನೆಗೂ ನಡುವೆ ಇರುವ ಬಾಗಿಲು ಅದೊಂದೇ. ಬಚ್ಚಲಿನಿಂದ ‘ಗಳಗಳ’ ಎಂಬ ಸದ್ದು ಕೇಳಿಸಿತೆಂದರೆ ಆ ಬಾಗಿಲು ತೆರೆದುಕೊಳ್ಳುತ್ತಿದೆ ಎಂದು ಅರ್ಥ. ಆದ್ದರಿಂದ ನಿಲುವು ಪೈಪನ್ನು ತಾರಸಿಯ ಪ್ಯಾರಪೆಟ್ ದಾಟಿಸಿ, ಕಿಟಕಿಗಳಿಂದ ದೂರಕ್ಕೆ ಒಯ್ದು, ಮೇಲೆ ಕೌಲ್ (ಗಾಳಿಯಾಡುವ ಮುಚ್ಚಳ) ಹಾಕಬೇಕು. ಜೊತೆಗೆ ಬೇರೆ ಗಾಳಿಕೊಳವೆ ಬೇಕೇ ಎಂಬುದನ್ನು ವಿನ್ಯಾಸಗಾರರಿಂದ ಲೆಕ್ಕ ಹಾಕಿಸಬೇಕು. ಎಷ್ಟೋ ಕಟ್ಟಡಗಳಲ್ಲಿ ಈ ಪೈಪನ್ನು ಕೊನೆಯ ಸ್ಲ್ಯಾಬಿನ ಕೆಳಗೇ ಮುಚ್ಚಿಬಿಡುತ್ತಾರೆ, ‘ತಾರಸಿ ಅಂದ ಕೆಡುತ್ತದೆ’ ಎಂಬ ಕಾರಣಕ್ಕೆ! ನೆಲಮಹಡಿಯ ಶೌಚಾಲಯಗಳನ್ನು ಈ ನಿಲುವು ಪೈಪಿನ ಬುಡಕ್ಕೆ ಸೇರಿಸದೆ ಪ್ರತ್ಯೇಕವಾಗಿ ಚೇಂಬರಿಗೆ (ಮುಚ್ಚಳ ತೆಗೆದು ನೋಡಬಹುದಾದ ಗುಂಡಿಗೆ) ಬಿಡಿ, ಇಲ್ಲದಿದ್ದರೆ ಬುಡದಲ್ಲಿ ಕಟ್ಟಿಕೊಂಡಾಗ ಮೇಲಿನ ಮೂರು ಮಹಡಿಯ ನೀರು ನಿಮ್ಮ ಗ್ರಾಹಕರ ಕಾಲಡಿಗೆ ಬರುತ್ತದೆ. ಅಡುಗೆಮನೆಯ ನೀರಂತೂ ಜಿಡ್ಡಿನ ತೊಟ್ಟಿಯನ್ನು ದಾಟುವ ತನಕ ಯಾವುದರ ಜೊತೆಗೂ ಬೆರೆಯಕೂಡದು.

ಉತ್ತರ 2: ಹೋಟೆಲ್ ಮಾಲೀಕರು, ಮೈಸೂರು

ಜಿಡ್ಡಿನ ವಿಷಯ ಬಂದದ್ದರಿಂದ ನಮ್ಮ ಕಥೆಯನ್ನು ಹೇಳಿಬಿಡುತ್ತೇನೆ. ನಮ್ಮದು 60 ಆಸನಗಳ ತಿಂಡಿ ಹೋಟೆಲು. ನಮ್ಮ ಗುತ್ತಿಗೆದಾರರೂ ಎರಡಡಿಯ ಗುಂಡಿಯನ್ನೇ ಮಾಡಿಕೊಟ್ಟಿದ್ದರು, ಪೈಪು ಅಡುಗೆಮನೆಯ ನೆಲದೊಳಗೆ ಮೂರು ಕಡೆ ತಿರುಗಿತ್ತು, ಎಲ್ಲಿಯೂ ಚೇಂಬರ್ ಇರಲಿಲ್ಲ. ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ದಸರಾ ಸಮಯದಲ್ಲಿ, ವಿಜಯದಶಮಿಯ ಬೆಳಗ್ಗೆ, ಊರಿಗೆ ಊರೇ ಜಂಬೂಸವಾರಿ ನೋಡಲು ಬಂದಿರುವಾಗ, ಪಾತ್ರೆ ತೊಳೆಯುವ ಜಾಗದ ನೆಲದಿಂದ ನೀರು ಹಿಂದಕ್ಕೆ ಉಕ್ಕತೊಡಗಿತು. ಬಾಗಿಲು ಹಾಕದೆ ಬೇರೆ ದಾರಿ ಇರಲಿಲ್ಲ. ಮರುದಿನ ನೆಲವನ್ನು ಒಡೆಸಿ ಪೈಪನ್ನು ಕತ್ತರಿಸಿದಾಗ ಕಂಡದ್ದನ್ನು ನಾನು ಮರೆಯುವುದಿಲ್ಲ. 4 ಇಂಚಿನ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ಸುತ್ತ ಮೇಣದಂತೆ ಬಿಳಿಯ ಜಿಡ್ಡು, ಅದರಲ್ಲಿ ಪದರಪದರವಾಗಿ ಕಾಫಿ ಚರಟ, ತೆಂಗಿನ ನಾರು, ದೋಸೆ ಹಿಟ್ಟು ತೊಳೆದ ಗಷ್ಟು.

ಒಳ್ಳೆಯ ತಿಂಡಿ ಹೋಟೆಲಿನಲ್ಲಿ ಎಣ್ಣೆಗಿಂತ ಹೆಚ್ಚು ತೊಂದರೆ ಕೊಡುವುದು ಈ ಹಿಟ್ಟು ಮತ್ತು ಚರಟ ಎಂಬುದು ನನ್ನ ಅನುಭವ. ಆದ್ದರಿಂದ ಈಗ ಗ್ರೈಂಡರ್ ತೊಳೆಯುವ ಕಡೆ ಒಂದು, ಪಾತ್ರೆ ತೊಳೆಯುವ ಕಡೆ ಒಂದು, ಎತ್ತಿ ಚೆಲ್ಲಬಹುದಾದ ಸ್ಟೀಲ್ ಜಾಲರಿ ಬುಟ್ಟಿಗಳನ್ನು ಇಟ್ಟಿದ್ದೇವೆ. ಕಾಫಿ ಚರಟ ನೇರವಾಗಿ ಹಸಿ ಕಸದ ಡಬ್ಬಕ್ಕೆ ಹೋಗುತ್ತದೆ. ಜಿಡ್ಡಿನ ತೊಟ್ಟಿಯನ್ನು ಪಕ್ಕದ ಓಣಿಗೆ, ಅಂದರೆ ಕಟ್ಟಡದ ಹೊರಗೆ ಸಾಗಿಸಿದೆವು. ಒಳಗಿದ್ದಾಗ ಅದರ ಮುಚ್ಚಳ ತೆಗೆದರೆ ಊಟಕ್ಕೆ ಕೂತವರು ಎದ್ದು ಹೋಗುತ್ತಾರೆ ಎಂಬ ಭಯಕ್ಕೆ ನಾವು ಅದನ್ನು ತೆಗೆಯುತ್ತಲೇ ಇರಲಿಲ್ಲ, ಅದೇ ನಿಜವಾದ ಕಾರಣ. ಸುಲಭವಾಗಿ ತೆರೆಯಲಾಗದ ಜಾಗದಲ್ಲಿರುವ ತೊಟ್ಟಿಯನ್ನು ಯಾವ ಹುಡುಗನೂ ಶುಚಿ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮಂಡ್ಯದವರು ಹೇಳಿದಂತೆ ನಿನ್ನೆ ಸಂಜೆ ಲೆವೆಲ್ ಟ್ಯೂಬಿನಿಂದ ಅಳೆದೆವು. ಅಡುಗೆಮನೆಯ ಪೈಪು ಶುರುವಾಗುವ ಕಡೆ ಅದರ ತಳ, ಮುಂದೆ ಬರಲಿರುವ ಟೈಲ್ಸಿನ ಮಟ್ಟದಿಂದ 40 ಸೆಂ.ಮೀ. ಕೆಳಗೆ ಇರುತ್ತದೆ, ಅದಕ್ಕಿಂತ ಮೇಲಕ್ಕೆ ತರಲು ತೊಲೆ ಅಡ್ಡ ಬರುತ್ತದೆ. ರಸ್ತೆ ಬದಿಯ ಒಳಚರಂಡಿ ಚೇಂಬರಿನ ತಳ ಅದೇ ಟೈಲ್ಸ್ ಮಟ್ಟದಿಂದ 75 ಸೆಂ.ಮೀ. ಕೆಳಗಿದೆ. ಎಂದರೆ ನನಗೆ ಸಿಗುವ ಇಳಿತ 35 ಸೆಂ.ಮೀ. ಮಾತ್ರ, ಬೇಕಾದದ್ದು 42. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಎತ್ತರವಾಗಿರುವುದರಿಂದ ನಮ್ಮ ನೆಲ ರಸ್ತೆಗಿಂತ ಅರ್ಧ ಅಡಿಯಷ್ಟೇ ಮೇಲಿದೆ. ನೆಲವನ್ನು ಎತ್ತರಿಸುವುದು ಈಗ ಆಗದ ಮಾತು. ಗುತ್ತಿಗೆದಾರರು ‘ಹಾಗಾದರೆ ಪಂಪ್ ಇಡೋಣ’ ಎನ್ನುತ್ತಿದ್ದಾರೆ. ನೀರಿನ ಟ್ಯಾಂಕು, ಸಂಪಿನ ಅಳತೆಯ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಕೊಳವೆಬಾವಿಯೂ ಇದೆ, ಕಾವೇರಿ ನೀರಿಗೂ ಅರ್ಜಿ ಹಾಕಿದ್ದೇವೆ.

ಉತ್ತರ 3: ನಿವೃತ್ತ ಎಂಜಿನಿಯರ್, ಮೈಸೂರು

ಅಳತೆಯನ್ನು ಹಾಕಿದ್ದು ಬಹಳ ಒಳ್ಳೆಯದಾಯಿತು, ಊಹೆಯ ಮೇಲೆ ಸಲಹೆ ಕೊಡುವ ಪ್ರಸಂಗ ತಪ್ಪಿತು. ಪಂಪಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಕೊಳಚೆಯನ್ನು ಎತ್ತುವ ಪಂಪು ಕರೆಂಟು ಹೋದ ದಿನ, ಇಲ್ಲವೇ ಅದರೊಳಗೆ ಒಂದು ಬಟ್ಟೆ ಚೂರು ಸಿಕ್ಕಿಕೊಂಡ ದಿನ ಇಡೀ ಕಟ್ಟಡವನ್ನು ನಿಲ್ಲಿಸುತ್ತದೆ. ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಅದನ್ನು ಯೋಚಿಸಬೇಕು. ನಿಮಗೆ ದಾರಿ ಇದೆ.

24 ಮೀಟರನ್ನೂ 100 ಮಿ.ಮೀ. ಪೈಪಿನಲ್ಲೇ ಹೋಗಬೇಕು ಎಂದು ಎಲ್ಲಿಯೂ ಇಲ್ಲ. ಜಿಡ್ಡಿನ ತೊಟ್ಟಿಯನ್ನು ಅಡುಗೆಮನೆಯ ಹೊರಗೆ, ಪಕ್ಕದ ಸೆಟ್‌ಬ್ಯಾಕಿನಲ್ಲಿ (ಗಡಿಗೂ ಗೋಡೆಗೂ ನಡುವೆ ಬಿಟ್ಟ ಜಾಗದಲ್ಲಿ), ಪೈಪಿನ ಆರಂಭದಿಂದ 6 ಮೀಟರ್ ಒಳಗೆ ಕೂರಿಸಿ. ಅಲ್ಲಿಯ ತನಕ 100 ಮಿ.ಮೀ. ಪೈಪು 57ಕ್ಕೆ 1ರಂತೆ ಹೋದರೆ ಹತ್ತೂವರೆ ಸೆಂ.ಮೀ. ಇಳಿಯುತ್ತದೆ. ತೊಟ್ಟಿಯ ಒಳಬಾಯಿಗಿಂತ ಹೊರಬಾಯಿಯನ್ನು 5 ಸೆಂ.ಮೀ. ತಗ್ಗಿಸಿ. ಉಳಿದ 18 ಮೀಟರನ್ನು 150 ಮಿ.ಮೀ. ಪೈಪಿನಲ್ಲಿ 100ಕ್ಕೆ 1ರಂತೆ ಹೋದರೆ 18 ಸೆಂ.ಮೀ. ಒಟ್ಟು ಮೂವತ್ತಮೂರೂವರೆ ಆಯಿತು. ನಿಮ್ಮ 35ರಲ್ಲಿ ಒಂದೂವರೆ ಸೆಂ.ಮೀ. ಮಿಕ್ಕಿತು. ಮಿಕ್ಕಿದ್ದು ಅಷ್ಟೇ ಆದ್ದರಿಂದ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ: ಪ್ರತಿ 3 ಮೀಟರಿಗೆ ಗೂಟ ನೆಟ್ಟು, ದಾರ ಕಟ್ಟಿ, ಪ್ರತಿ ಗೂಟದಲ್ಲೂ ಪೈಪಿನ ತಳ ಎಷ್ಟಿರಬೇಕೆಂದು ಬರೆದು ಹಾಕಿಸಿ. ಪೈಪಿನ ಕೆಳಗೆ ಜಲ್ಲಿ ಚೂರು, ಇಟ್ಟಿಗೆ ಚೂರು ತುರುಕಿ ಮಟ್ಟ ಮಾಡುವುದನ್ನು ಒಪ್ಪಬೇಡಿ, ಮಣ್ಣು ಕುಸಿದಂತೆ ಪೈಪು ನಡುವೆ ಜೋತು ಅಲ್ಲೇ ಮಡ್ಡಿ ನಿಲ್ಲುತ್ತದೆ.

ಒಂದು ಎಚ್ಚರಿಕೆಯ ಮಾತು. ದೊಡ್ಡ ಪೈಪಿಗೆ ಕಡಿಮೆ ಇಳಿಜಾರು ಸಾಕು ಎಂಬುದು ಅದರಲ್ಲಿ ಹರಿಯಲು ತಕ್ಕಷ್ಟು ನೀರಿದ್ದಾಗ ಮಾತ್ರ ನಿಜ. ಅಗಲವಾದ ಪೈಪಿನಲ್ಲಿ ಸ್ವಲ್ಪವೇ ನೀರು ಹರಿದರೆ ತಳದಲ್ಲಿ ತೆಳ್ಳಗೆ ಹರಡಿಕೊಂಡು ಗಟ್ಟಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಹಾಗಾಗಿ ಕೊಠಡಿಗಳ ನಿಲುವು ಪೈಪುಗಳನ್ನು ಈ 150 ಮಿ.ಮೀ. ಸಾಲಿನ ಮೇಲ್ತುದಿಯಲ್ಲೇ, ತೊಟ್ಟಿ ದಾಟಿದ ಕೂಡಲೇ ಬರುವ ಮೊದಲ ಚೇಂಬರಿಗೆ ಸೇರಿಸಿ. ಬೆಳಗ್ಗೆ 18 ಕೊಠಡಿಯವರೂ ಸ್ನಾನ ಮಾಡುವ ಹೊತ್ತಿನಲ್ಲಿ ಆ ನೀರು ಇಡೀ ಸಾಲನ್ನು ದಿನಕ್ಕೊಮ್ಮೆ ತೊಳೆದುಕೊಂಡು ಹೋಗುತ್ತದೆ. ಪೈಪು ದಿಕ್ಕು ಬದಲಿಸುವ, ಅಳತೆ ಬದಲಿಸುವ, ಇನ್ನೊಂದು ಪೈಪು ಸೇರುವ ಪ್ರತಿಯೊಂದು ಕಡೆಯೂ ಚೇಂಬರ್ ಬೇಕು. ನಿಮ್ಮ ನೆಲ ರಸ್ತೆಗಿಂತ ಅರ್ಧ ಅಡಿ ಮಾತ್ರ ಎತ್ತರದಲ್ಲಿರುವುದರಿಂದ, ರಸ್ತೆಯ ಮ್ಯಾನ್‌ಹೋಲ್ ತುಂಬಿದ ದಿನ ನೀರು ಹಿಂದಕ್ಕೆ ಬರದಂತೆ ಕೊನೆಯ ಚೇಂಬರಿನಲ್ಲಿ ಒಂದು ರಿಫ್ಲಕ್ಸ್ ವಾಲ್ವ್ ಕೂರಿಸಿ, ಅದನ್ನು ಬಿಚ್ಚಿ ತೊಳೆಯುವಷ್ಟು ಜಾಗ ಬಿಡಿ. ತಾರಸಿಯ ಮಳೆನೀರನ್ನು ಯಾವ ಕಾರಣಕ್ಕೂ ಈ ಸಾಲಿಗೆ ಬಿಡಬೇಡಿ. ಎಲ್ಲರೂ ಹಾಗೆ ಬಿಡುವುದರಿಂದಲೇ ಮಳೆಗಾಲದಲ್ಲಿ ಮ್ಯಾನ್‌ಹೋಲುಗಳು ಉಕ್ಕುವುದು. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುವ ಊರು ನಮ್ಮದು, 200 ಚದರ ಮೀಟರ್ ತಾರಸಿಯ ಮೇಲೆ ಅದು 1,60,000 ಲೀಟರ್ ಆಗುತ್ತದೆ. ಅದಕ್ಕೆ ಬೇರೆ ಪೈಪು, ಬೇರೆ ಸೋಸುಗುಂಡಿ ಮಾಡಿ ಕೊಳವೆಬಾವಿಯ ಮರುಪೂರಣಕ್ಕೆ ಬಿಡುವುದು ವಿವೇಕ.

ಜಿಡ್ಡಿನ ತೊಟ್ಟಿಯ ಅಳತೆಗೆ ಬರುತ್ತೇನೆ. ಎರಡಡಿಯ ಘನದಲ್ಲಿ ಹಿಡಿಯುವುದು ಸುಮಾರು 226 ಲೀಟರ್. ಪಾತ್ರೆ ತೊಳೆಯುವ ಭರದ ಹೊತ್ತಿನಲ್ಲಿ ನಿಮ್ಮ ಸಿಂಕುಗಳಿಂದ ನಿಮಿಷಕ್ಕೆ 40 ಲೀಟರ್ ಬರುತ್ತದೆಂದು ಇಟ್ಟುಕೊಂಡರೆ ನೀರು ಅದರಲ್ಲಿ ಆರು ನಿಮಿಷವೂ ನಿಲ್ಲುವುದಿಲ್ಲ. ಬಿಸಿ ಆರಿ, ಜಿಡ್ಡು ಮೇಲಕ್ಕೆ ತೇಲಿ, ಹಿಟ್ಟು ತಳಕ್ಕಿಳಿಯಲು ಅರ್ಧ ಗಂಟೆಯಾದರೂ ಬೇಕು. ಆ ಲೆಕ್ಕಕ್ಕೆ 1,200 ಲೀಟರ್ ಆಗುತ್ತದೆ. ನಡುವೆ ಅಡ್ಡಗೋಡೆಯಿದ್ದು, ಹೊರಹೋಗುವ ಪೈಪಿನ ಬಾಯಿ ನೀರಿನ ಮೇಲ್ಮೈಯಿಂದ ಕೆಳಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ತೇಲಿದ ಜಿಡ್ಡೇ ಮೊದಲು ಹೊರಡುತ್ತದೆ. ಮೇಲಿನ ಜಿಡ್ಡು ಮತ್ತು ತಳದ ಮಡ್ಡಿ ಎರಡೂ ಸೇರಿ ಆಳದ ಕಾಲು ಭಾಗ ಆದ ದಿನ ಖಾಲಿ ಮಾಡಿಸಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿಯ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಕೂಡದು. ಶುಚಿ ಮಾಡಲು ತೊಟ್ಟಿಯೊಳಗೋ ಚೇಂಬರಿನೊಳಗೋ ಯಾರನ್ನೂ ಇಳಿಸಬೇಡಿ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆಯಂತೆ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳಲ್ಲಿ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಿ ಕೆಲಸ ಮಾಡಿಸುವುದು ಅಪರಾಧ; ಸಕ್ಕಿಂಗ್ ಯಂತ್ರ ಬಂದು ನಿಲ್ಲುವ ಜಾಗವನ್ನು ಈಗಲೇ ಗುರುತಿಸಿಡಿ.

ನೀರಿನ ಲೆಕ್ಕ ಸರಳವಾಗಿದೆ. ಉಪಾಹಾರ ಗೃಹಕ್ಕೆ ಆಸನವೊಂದಕ್ಕೆ ದಿನಕ್ಕೆ 70 ಲೀಟರ್, ಸಾಮಾನ್ಯ ದರ್ಜೆಯ ವಸತಿ ಹೋಟೆಲಿಗೆ ತಲೆಗೆ 180 ಲೀಟರ್ ಎಂದು ಸಂಹಿತೆ ಹೇಳುತ್ತದೆ. 80 ಆಸನಗಳಿಗೆ 5,600, ಕೊಠಡಿಗೆ ಇಬ್ಬರಂತೆ 36 ಜನರಿಗೆ 6,480, ಕೆಲಸದವರು 15 ಜನರಿದ್ದರೆ ತಲೆಗೆ 45ರಂತೆ 675. ಒಟ್ಟು 12,755 ಲೀಟರ್. ಕೆಲಸದವರು ಅಲ್ಲೇ ಉಳಿದುಕೊಳ್ಳುವುದಾದರೆ ಅವರದನ್ನು 135ಕ್ಕೆ ಏರಿಸಿ. ನೀರು ಬಾರದ ದಿನಗಳನ್ನೂ ಎಣಿಸಿ ಒಂದೂವರೆ ದಿನದ ಸಂಪು ಇರಲಿ ಎಂಬುದು ನನ್ನ ಅಭಿಪ್ರಾಯ, ಅಂದರೆ 20,000 ಲೀಟರ್. ಬೆಂಕಿ ಆರಿಸುವ ನೀರು ಇದರಲ್ಲಿ ಸೇರಿಲ್ಲ. ಅದನ್ನು ಅಗ್ನಿಶಾಮಕ ಇಲಾಖೆಯ ಷರತ್ತಿನಂತೆ ಬೇರೆ ಇಡಬೇಕು.

ಕಾವೇರಿ ನೀರು ಮತ್ತು ಕೊಳವೆಬಾವಿಯ ನೀರನ್ನು ಒಂದೇ ಸಂಪಿಗೆ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಅದಕ್ಕಿಂತ ಕೆಟ್ಟದ್ದು, ಎರಡು ಪೈಪುಗಳನ್ನು ಒಂದು ವಾಲ್ವಿನಿಂದ ಜೋಡಿಸಿ ‘ಬೇಕಾದಾಗ ತಿರುಗಿಸಿಕೊಳ್ಳಿ’ ಎನ್ನುವುದು. ವಾಲ್ವ್ ಸವೆದ ದಿನ ಕೊಳವೆಬಾವಿಯ ನೀರು ಪಾಲಿಕೆಯ ಪೈಪಿಗೇ ಹಿಂದಿರುಗುತ್ತದೆ, ಇಂಥ ಜೋಡಣೆಯನ್ನು ಸಂಹಿತೆ ನಿಷೇಧಿಸಿದೆ. ಸಂಪನ್ನೂ ಮೇಲಿನ ಟ್ಯಾಂಕನ್ನೂ ಎರಡು ಭಾಗ ಮಾಡಿ: ಕಾವೇರಿ ನೀರು ಅಡುಗೆ, ಕುಡಿಯುವುದು, ಸ್ನಾನಕ್ಕೆ, ಕೊಳವೆಬಾವಿಯದು ಫ್ಲಶ್ ಮತ್ತು ನೆಲ ತೊಳೆಯುವುದಕ್ಕೆ. ಪೈಪುಗಳಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಬಳಿಸಿ. ಸಂಪಿನೊಳಕ್ಕೆ ನೀರು ಬೀಳುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಕೂಡದು, ನೀರು ತುಂಬಿ ಹೊರಹೋಗುವ ಮಟ್ಟಕ್ಕಿಂತ ಪೈಪಿನ ವ್ಯಾಸದ ಎರಡರಷ್ಟಾದರೂ ಮೇಲೆ ಇರಬೇಕು. ಗಡಸು ನೀರು ಇಡ್ಲಿ ಬಾಯ್ಲರಿಗೆ ಹೋದರೆ ಕೆಲವೇ ತಿಂಗಳಲ್ಲಿ ಒಳಗೆಲ್ಲ ಸುಣ್ಣದ ಪದರ ಕಟ್ಟಿಕೊಳ್ಳುತ್ತದೆ ಎಂಬುದು ಬೇರೆ ವಿಚಾರ.

ಕೊನೆಯದಾಗಿ ಕೋಡಿನ ಬಗ್ಗೆ. ರಾಷ್ಟ್ರೀಯ ಕಟ್ಟಡ ಸಂಹಿತೆ ತನ್ನಷ್ಟಕ್ಕೆ ತಾನು ಕಾನೂನಲ್ಲ, ಮಾರ್ಗದರ್ಶಿ. ಸ್ಥಳೀಯ ಸಂಸ್ಥೆಯ ಕಟ್ಟಡ ಉಪವಿಧಿ ಅದನ್ನು ಒಪ್ಪಿಕೊಂಡಷ್ಟು ಮಟ್ಟಿಗೆ ಅದು ನಿಮ್ಮನ್ನು ಕಟ್ಟುತ್ತದೆ. ಆದರೆ ನೀವು ಮತ್ತು ಗುತ್ತಿಗೆದಾರರು ಸಹಿ ಮಾಡುವ ಕರಾರಿನಲ್ಲಿ ಬರೆದುಕೊಂಡರೆ ಅದು ನಿಮ್ಮಿಬ್ಬರನ್ನೂ ಪೂರ್ತಿಯಾಗಿ ಕಟ್ಟುತ್ತದೆ. ಆ ಒಂದು ಸಾಲನ್ನು ಹೊಡೆದುಹಾಕಿ ಒಂದು ಪುಟ ಬರೆಸಿಕೊಳ್ಳಿ.

ಉತ್ತರ 4: ಪ್ಲಂಬಿಂಗ್ ಗುತ್ತಿಗೆದಾರರು, ಮಂಡ್ಯ

ಎಂಜಿನಿಯರ್ ಸಾರ್ ಹೇಳಿದ ಲೆಕ್ಕಕ್ಕೆ ನನ್ನದು ಪೂರ್ಣ ಒಪ್ಪಿಗೆ. ಎರಡು ವಿಷಯ ಬಿಟ್ಟುಹೋಗಿವೆ. ಇಡ್ಲಿ ಪಾತ್ರೆಯ ಕುದಿನೀರು, ಅನ್ನ ಬಸಿದ ಗಂಜಿ ಇವನ್ನು ಪಿವಿಸಿ ಪೈಪಿಗೆ ಸುರಿದರೆ ಪೈಪು ಮೆತ್ತಗಾಗಿ ಜೋತುಬೀಳುತ್ತದೆ. ಅಡುಗೆಮನೆಯಿಂದ ತೊಟ್ಟಿಯ ತನಕದ 6 ಮೀಟರನ್ನು ಎರಕದ ಕಬ್ಬಿಣದ ಪೈಪಿನಲ್ಲಿ ಮಾಡಿಸಿ, ಖರ್ಚು ಹೆಚ್ಚಾದರೂ ಅಷ್ಟೇ ಉದ್ದ ತಾನೆ. ಹಾಗೆಯೇ ಬಿಸಿನೀರಿನ ಸಿಪಿವಿಸಿ ಪೈಪು ಬಿಸಿಯಾದಾಗ ಉದ್ದವಾಗುತ್ತದೆ. ಸೋಲಾರ್ ಹೀಟರಿನಿಂದ ಬರುವ 20 ಮೀಟರ್ ಪೈಪು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ನಾಲ್ಕೂವರೆ ಸೆಂ.ಮೀ.ನಷ್ಟು ಹಿಗ್ಗುತ್ತದೆ. ನೇರವಾಗಿ ಬಿಗಿದು ಕ್ಲ್ಯಾಂಪ್ ಹಾಕಿದರೆ ಅದು ಎಲ್ಬೋಗಳಲ್ಲಿ ಸೀಳುತ್ತದೆ. ನಡುವೆ ಯು ಆಕಾರದ ತಿರುವು ಕೊಡಿಸಿ, ಕ್ಲ್ಯಾಂಪುಗಳು ಪೈಪನ್ನು ಹಿಡಿಯಲಿ, ಹಿಸುಕದಿರಲಿ.

ಪರೀಕ್ಷೆಗಳನ್ನು ನೀವೇ ನಿಂತು ಮಾಡಿಸಿ. ನೀರಿನ ಪೈಪುಗಳಿಗೆ ಗೋಡೆ ಮುಚ್ಚುವ ಮೊದಲು ಹ್ಯಾಂಡ್ ಪಂಪು ಹಾಕಿ, ಬಳಕೆಯಲ್ಲಿ ಬರುವ ಒತ್ತಡದ ಒಂದೂವರೆ ಪಟ್ಟು ಏರಿಸಿ. ನಾನಾದರೆ ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಗ್ಗೆ ಬಂದು ಒತ್ತಡದ ಗೇಜಿನ ಮುಳ್ಳು ಅಲ್ಲೇ ಇದೆಯೇ ನೋಡುತ್ತೇನೆ. ಪ್ಲಾಸ್ಟಿಕ್ ಪೈಪುಗಳಿಗೆ ಕಂಪ್ರೆಸರಿನ ಗಾಳಿ ತುಂಬಿ ಪರೀಕ್ಷೆ ಮಾಡುತ್ತೇವೆ ಎಂದರೆ ಬಿಡಬೇಡಿ, ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ನೆಲದ ಚರಂಡಿ ಸಾಲಿಗೆ ಕೆಳತುದಿಯನ್ನು ಮುಚ್ಚಿ, ಮೇಲ್ತುದಿಯಲ್ಲಿ ಒಂದೂವರೆ ಮೀಟರ್ ನಿಲುವು ಪೈಪು ಹಾಕಿ ನೀರು ತುಂಬಿಸಿ, ಮಟ್ಟ ಇಳಿಯದೆ ನಿಂತರೆ ಮಾತ್ರ ಮಣ್ಣು ಮುಚ್ಚಬೇಕು. ಮೇಲಿನ ಮಹಡಿಗಳ ಸಂಕನ್ (ನೆಲಮಟ್ಟಕ್ಕಿಂತ ತಗ್ಗಿಸಿದ) ಬಚ್ಚಲುಗಳಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಕೊಠಡಿಯ ಚಾವಣಿಯನ್ನು ಕೈಯಿಂದ ಮುಟ್ಟಿ ನೋಡಿ. ಕಣ್ಣಿಗೆ ಕಾಣದ ತೇವ ಅಂಗೈಗೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲವನ್ನೂ ಬರೆದುಕೊಂಡು ಗುತ್ತಿಗೆದಾರರ ಎದುರು ಕೂತೆ. ಪಂಪಿನ ಮಾತನ್ನು ಅವರೇ ಕೈಬಿಟ್ಟರು. ಎರಕದ ಕಬ್ಬಿಣಕ್ಕೂ 1,200 ಲೀಟರಿನ ತೊಟ್ಟಿಗೂ ಹೆಚ್ಚುವರಿ ಹಣ ಕೇಳಿದರು, ಅದು ನ್ಯಾಯವೆನಿಸಿ ಒಪ್ಪಿಕೊಂಡೆ. ಇಳಿದಿದ್ದ ಪೈಪುಗಳನ್ನು ಹೊರಳಿಸಿ ನೋಡಿದಾಗ 11ರಲ್ಲಿ 7 ಪೈಪುಗಳ ಮೇಲೆ ‘ಟೈಪ್ ಎ’ ಎಂದು ಅಚ್ಚಾಗಿತ್ತು. ಅಂಗಡಿಯವರು ತಪ್ಪಿ ಕಳಿಸಿದ್ದಾರೆ ಎಂದರು. ಅವನ್ನು ಮಳೆನೀರಿಗೆ ಇಟ್ಟುಕೊಂಡು ಬೇರೆ ತರಿಸುತ್ತಿದ್ದೇವೆ. ಸೋಮವಾರ ಗೂಟ ನೆಟ್ಟು ದಾರ ಕಟ್ಟುತ್ತೇವೆ. ಪ್ರತಿ ಗೂಟದ ಮಟ್ಟವನ್ನು ಸೆಟ್‌ಬ್ಯಾಕಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇನೆ, ಪೈಪು ಮುಚ್ಚಿದ ಮೇಲೂ ಅದು ಅಲ್ಲೇ ಇರಲಿ ಎಂದು.